ಕಿವಿಗೆ ಬಿಟ್ಟ ತೀರ್ಮಾನ: ಹಳೆಯ ಮೆಟಲ್ ಡಿಟೆಕ್ಟರ್‌ಗಳನ್ನು ಜನ ಇನ್ನೂ ಏಕೆ ಪ್ರೀತಿಸುತ್ತಾರೆ?

ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹೊಲ, ಕಡಲತೀರ, ಹಳೆಯ ಗಣಿಗಳ ಸುತ್ತ ಅಲೆಯುವುದು ದೊಡ್ಡ ಹವ್ಯಾಸ. ಈ ಹವ್ಯಾಸಿಗಳಲ್ಲಿ ಕೆಲವರಿಗೆ ಈಗಿನ ಯಂತ್ರಗಳು ರುಚಿಸುವುದಿಲ್ಲ. ಮಣ್ಣಿನಡಿಯಲ್ಲಿರುವುದು ಬೆಳ್ಳಿಯ ನಾಣ್ಯವೋ ಬಾಟಲಿಯ ಮುಚ್ಚಳವೋ ಎಂಬುದನ್ನು ಪರದೆಯ ಮೇಲೆ ಅಂಕಿಯಲ್ಲಿ ತೋರಿಸುವ ಯಂತ್ರವನ್ನು ಬದಿಗಿಟ್ಟು, 1960–70ರ ದಶಕದ ಭಾರವಾದ ಡಬ್ಬಗಳನ್ನು ಹುಡುಕಿ ಕೊಳ್ಳುತ್ತಾರೆ, ಬಿಚ್ಚಿ ದುರಸ್ತಿ ಮಾಡುತ್ತಾರೆ, ಹೊಲಕ್ಕೂ ಒಯ್ಯುತ್ತಾರೆ. ಆ ಡಬ್ಬಗಳಿಗೆ ನಾಲ್ಕೈದು ಇಂಚಿಗಿಂತ ಆಳದಲ್ಲಿರುವ ನಾಣ್ಯ ಸಿಗುವುದೇ ಕಷ್ಟ. ಬಿಸಿಲು ಏರಿದರೆ ಶ್ರುತಿ ತಪ್ಪುತ್ತವೆ. ಒದ್ದೆ ಹುಲ್ಲು ತಾಗಿದರೆ ಸುಳ್ಳು ಸದ್ದು ಮಾಡುತ್ತವೆ.

ಇದನ್ನು ಹಳೆಯದರ ಮೋಹ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಆ ಯಂತ್ರಗಳು ಕೆಲಸ ಮಾಡುತ್ತಿದ್ದ ಬಗೆಯನ್ನು ತಿಳಿದರೆ ಮೋಹದ ಬೇರು ಅವುಗಳ ಒಳಗೇ ಸಿಗುತ್ತದೆ. ನೆಲದಡಿ ಏನಿದೆ ಎಂದು ಅವು ಹೇಳುತ್ತಿರಲಿಲ್ಲ. ಏನೋ ಬದಲಾಯಿತು ಎಂದಷ್ಟೇ ಕೇಳಿಸುತ್ತಿದ್ದವು. ಅದೇನು ಎಂದು ನಿರ್ಧರಿಸುವುದು ಕಿವಿಯ ಕೆಲಸವಾಗಿತ್ತು.

ಲೋಹ ಹುಡುಕುವ ವಿದ್ಯುತ್ ಯಂತ್ರ ಮೊದಲು ಸುದ್ದಿಯಾದದ್ದು ಒಬ್ಬ ಗಾಯಾಳುವಿನ ಹಾಸಿಗೆಯ ಬಳಿ. 1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ಒಂದು ಗುಂಡು ದೇಹದೊಳಗೆ ಉಳಿಯಿತು. ಎಕ್ಸ್-ರೇ ಬರಲು ಇನ್ನೂ ಹದಿನಾಲ್ಕು ವರ್ಷವಿತ್ತು. ಗುಂಡು ಎಲ್ಲಿದೆ ಎಂದು ಕಂಡುಹಿಡಿಯಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಮುಂದೆ ಬಂದರು. ಎರಡು ತಂತಿ ಸುರುಳಿಗಳನ್ನು ಒಂದರ ಪ್ರಭಾವ ಇನ್ನೊಂದರ ಮೇಲೆ ಸೊನ್ನೆಯಾಗುವಂತೆ ಇಟ್ಟು, ಅದಕ್ಕೆ ಟೆಲಿಫೋನ್ ರಿಸೀವರ್ ಜೋಡಿಸಿದರು. ಹತ್ತಿರ ಲೋಹವಿಲ್ಲದಿದ್ದರೆ ಮೌನ. ಲೋಹ ಬಂದರೆ ಸಮತೋಲ ಕೆಟ್ಟು ಸದ್ದು. ಅಂತರ್ಯುದ್ಧದಲ್ಲಿ ಗುಂಡು ಹೊಕ್ಕು ಅದನ್ನು ಮೈಯಲ್ಲೇ ಹೊತ್ತು ಬದುಕಿದ್ದ ಮಾಜಿ ಸೈನಿಕರ ಮೇಲೆ ಪರೀಕ್ಷಿಸಿದಾಗ ಯಂತ್ರ ಸರಿಯಾಗಿಯೇ ಕೆಲಸ ಮಾಡಿತು. ಅಧ್ಯಕ್ಷರ ವಿಷಯದಲ್ಲಿ ಮಾತ್ರ ಅದು ಕೆಲಸಕ್ಕೆ ಬರಲಿಲ್ಲ. ಹಾಸಿಗೆಯಡಿಯ ಲೋಹದ ಸ್ಪ್ರಿಂಗುಗಳು ಸದ್ದು ಕೆಡಿಸಿದವು. ಮುಖ್ಯ ವೈದ್ಯರು ಗುಂಡು ಬಲಭಾಗದಲ್ಲಿದೆ ಎಂದು ಪಟ್ಟು ಹಿಡಿದು ಅಲ್ಲಿ ಮಾತ್ರ ಹುಡುಕಲು ಬಿಟ್ಟರು. ಗುಂಡಿದ್ದದ್ದು ಎಡಭಾಗದಲ್ಲಿ. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡರು. ಎರಡು ಸುರುಳಿಗಳ ಆ ಸಮತೋಲದ ತತ್ತ್ವ ಮಾತ್ರ ಉಳಿಯಿತು, ಇಂದಿಗೂ ಉಳಿದಿದೆ.

ಅದನ್ನು ನೆಲಕ್ಕೆ ಇಳಿಸಿದವರಲ್ಲಿ ಮುಖ್ಯರು ಜರ್ಮನಿಯಿಂದ ಅಮೆರಿಕಕ್ಕೆ ಬಂದ ಗೆರ್ಹಾರ್ಡ್ ಫಿಶರ್. ರೇಡಿಯೊ ಅಲೆಗಳ ದಿಕ್ಕು ನೋಡಿ ವಿಮಾನಗಳಿಗೆ ದಾರಿ ತೋರಿಸುವ ಉಪಕರಣದ ಮೇಲೆ ಕೆಲಸ ಮಾಡುತ್ತಿದ್ದಾಗ, ಲೋಹ ಅಥವಾ ಅದಿರು ಇರುವ ಕಡೆ ಅಳತೆ ತಪ್ಪುವುದನ್ನು ಅವರು ಗಮನಿಸಿದರು. ಬೇರೆಯವರಿಗೆ ದೋಷವಾಗಿ ಕಂಡದ್ದು ಅವರಿಗೆ ಉಪಕರಣವಾಗಿ ಕಂಡಿತು. 1937ರಲ್ಲಿ ಪೇಟೆಂಟ್ ಸಿಕ್ಕಿತು. ಅವರ ಆರಂಭದ ಯಂತ್ರಗಳು ಮರದ ಎರಡು ಪೆಟ್ಟಿಗೆಗಳು: ಒಂದು ಅಲೆ ಕಳಿಸುತ್ತದೆ, ಇನ್ನೊಂದು ಕೇಳುತ್ತದೆ, ನಡುವೆ ಹಿಡಿದುಕೊಳ್ಳಲು ಕೋಲು, ಒಳಗೆ ಟ್ರಾನ್ಸಿಸ್ಟರಿಗಿಂತ ಮೊದಲಿದ್ದ ಗಾಜಿನ ರೇಡಿಯೊ ವಾಲ್ವುಗಳು. ಇಂಥ ಯಂತ್ರಕ್ಕೆ ನಾಣ್ಯ ಸಿಗುವುದಿಲ್ಲ. ಕೊಳವೆ, ಪೆಟ್ಟಿಗೆ, ಅದಿರಿನ ಎಳೆಯಂಥ ದೊಡ್ಡ ವಸ್ತುಗಳಷ್ಟೇ ಸಿಗುತ್ತವೆ. ಆ ಕಾಲದ ಪೆಟ್ಟಿಗೆಗಳಲ್ಲಿ ಒಳ್ಳೆಯ ಬಡಗಿ ಕೆಲಸವಿರುತ್ತಿತ್ತು. ಸಂಗ್ರಾಹಕರು ಅವನ್ನು ಪೀಠೋಪಕರಣದಂತೆ ಒರೆಸಿ ಇಟ್ಟುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಆಮೇಲೆ ಯುದ್ಧ ಬಂತು. ಸ್ಕಾಟ್ಲೆಂಡಿನಲ್ಲಿದ್ದ ಪೋಲೆಂಡಿನ ಸೇನಾಧಿಕಾರಿ ಯೂಜೆಫ್ ಕೊಸಾಟ್ಸ್ಕಿ 1941ರಲ್ಲಿ ಸೈನಿಕನೊಬ್ಬ ಹೊತ್ತು ನಡೆಯಬಹುದಾದ ನೆಲಬಾಂಬ್ ಶೋಧಕವನ್ನು ರೂಪಿಸಿದರು. ಅದಕ್ಕೆ ಪೇಟೆಂಟ್ ಪಡೆಯದೆ ಬ್ರಿಟಿಷ್ ಸೇನೆಗೆ ಉಚಿತವಾಗಿ ಕೊಟ್ಟರು. 1942ರ ಅಕ್ಟೋಬರಿನಲ್ಲಿ ಈಜಿಪ್ಟಿನ ಎಲ್ ಅಲಮೇನ್‌ನಲ್ಲಿ ಜರ್ಮನರು ಹುಗಿದಿದ್ದ ಬಾಂಬುಗಳ ನಡುವೆ ದಾರಿ ಬಿಡಿಸಲು ಸುಮಾರು 500 ಯಂತ್ರಗಳು ಬಳಕೆಯಾದವು. ಅಮೆರಿಕದ ಸೇನೆಯ ಯಂತ್ರಕ್ಕೆ ಎಸ್‌ಸಿಆರ್-625 ಎಂದು ಹೆಸರು. ಉದ್ದನೆಯ ಕೋಲು, ತುದಿಯಲ್ಲಿ ತಟ್ಟೆಯಾಕಾರದ ತಲೆ, ಹಿಡಿಯ ಬಳಿ ಮುಳ್ಳು ಅಲುಗುವ ಮೀಟರ್, ಬ್ಯಾಟರಿಗೆ ಕ್ಯಾನ್ವಾಸ್ ಚೀಲ.

ಇಂಥ ಯಂತ್ರ ಹಿಡಿದವನು ತಂಡಕ್ಕಿಂತ ಮುಂದೆ ನಡೆಯಬೇಕಿತ್ತು. ಬೆಂಗಳೂರಿನ ಹಲಸೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್ ಪಡೆಯ ಸುಬೇದಾರ್ ಸುಬ್ರಮಣಿಯನ್ 1944ರ ಫೆಬ್ರುವರಿ 24ರಂದು ಇಟಲಿಯ ಮಿನ್ಯಾನೊದಲ್ಲಿ ನೆಲಬಾಂಬ್ ತೆರವಿನಲ್ಲಿದ್ದರು. ಡಿಟೆಕ್ಟರ್ ಹಿಡಿದು ಮುಂದೆ ಹೋಗುತ್ತಿದ್ದ ಸೈನಿಕನ ಕಾಲು ಬಾಂಬಿನ ಮೇಲೆ ಬಿತ್ತು. ಅದು ಸಿಡಿಯಲು ಇದ್ದ ಕೆಲವೇ ಕ್ಷಣಗಳಲ್ಲಿ ಸುಬ್ರಮಣಿಯನ್ ಅದರ ಮೇಲೆ ಬಿದ್ದು ಜೊತೆಗಾರರನ್ನು ಉಳಿಸಿದರು. ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕ ಬಂತು. ನಿಧಿ ಹುಡುಕಾಟದ ಹಳೆಯ ಸಾಮಗ್ರಿಯ ಬಗ್ಗೆ ಯಾರು ಬರೆದರೂ ಈ ಮಾತನ್ನು ಸೇರಿಸಬೇಕು ಎಂದು ನನಗೆ ಅನಿಸುತ್ತದೆ. ಏಕೆಂದರೆ ಯುದ್ಧ ಮುಗಿದ ಮೇಲೆ ಅಂಗಡಿಗಳಲ್ಲಿ ಅಗ್ಗಕ್ಕೆ ಬಂದದ್ದು ಇದೇ ಸೇನಾ ಸಾಮಾನು. ಅಮೆರಿಕದ ಮೊದಲ ತಲೆಮಾರಿನ ಹವ್ಯಾಸಿಗಳಲ್ಲಿ ಅನೇಕರು ಹೊಲಕ್ಕೆ ಇಳಿದದ್ದು ಮಿಗುತಾಯ ಮಾಲಾಗಿ ಸಿಕ್ಕ ಎಸ್‌ಸಿಆರ್-625 ಹಿಡಿದು.

ಆದರೆ ಹಳೆಯ ಕಾಲದ ನೆನಪು ಎಂದಾಗ ಹೆಚ್ಚಿನವರ ಕಿವಿಯಲ್ಲಿ ಮೊಳಗುವುದು ಇನ್ನೊಂದು ಬಗೆಯ ಯಂತ್ರ. ಅದಕ್ಕೆ ಬಿಎಫ್ಒ (ಬೀಟ್ ಫ್ರೀಕ್ವೆನ್ಸಿ ಆಸಿಲೇಟರ್) ಎಂದು ಹೆಸರು. ಟ್ರಾನ್ಸಿಸ್ಟರ್ ಬಂದು ವಾಲ್ವುಗಳು ಹೋದ ಮೇಲೆ ಕಡಿಮೆ ಬಿಡಿಭಾಗಗಳಲ್ಲಿ, ಕಡಿಮೆ ಬೆಲೆಗೆ ಮಾಡಬಹುದಾಗಿದ್ದ ಯಂತ್ರ ಅದು. ಅದರ ಕೆಲಸ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರಾತ್ರಿ ಹೊತ್ತು ಮಧ್ಯಮ ತರಂಗದ ರೇಡಿಯೊ ತಿರುಗಿಸಿದವರಿಗೆ ಎರಡು ಕೇಂದ್ರಗಳ ನಡುವೆ ಬರುವ ಸಿಳ್ಳೆಯ ಪರಿಚಯವಿರುತ್ತದೆ. ಆ ಸಿಳ್ಳೆಯನ್ನು ಯಾವ ಕೇಂದ್ರವೂ ಕಳಿಸುತ್ತಿರುವುದಿಲ್ಲ. ಹತ್ತಿರ ಹತ್ತಿರದ ಎರಡು ಆವರ್ತನಗಳು ರೇಡಿಯೊದೊಳಗೆ ಬೆರೆತಾಗ ಅವುಗಳ ವ್ಯತ್ಯಾಸ ಮೂರನೆಯ ಸ್ವರವಾಗಿ ಕೇಳಿಸುತ್ತದೆ. ಬಿಎಫ್ಒ ಯಂತ್ರ ಇದೇ ಸಿಳ್ಳೆಯನ್ನು ಬೇಕೆಂದೇ ಹುಟ್ಟಿಸುತ್ತದೆ. ಡಬ್ಬದೊಳಗೆ ಒಂದು ಆಸಿಲೇಟರ್, ಅಂದರೆ ವಿದ್ಯುತ್ ಕಂಪನ ಹುಟ್ಟಿಸುವ ಮಂಡಲ. ಅದು ಸೆಕೆಂಡಿಗೆ 1,00,000 ಸಲ ಕಂಪಿಸುತ್ತದೆ ಎಂದುಕೊಳ್ಳಿ. ಇನ್ನೊಂದು ಆಸಿಲೇಟರಿಗೆ ಕೋಲಿನ ತುದಿಯ ಸುರುಳಿಯೇ ಅಂಗ. ಅದು 1,00,020 ಸಲ ಕಂಪಿಸುತ್ತದೆ. ಎರಡರಲ್ಲಿ ಯಾವುದೂ ಕಿವಿಗೆ ಕೇಳುವಂಥದ್ದಲ್ಲ. ವ್ಯತ್ಯಾಸ 20. ಅದು ಹೆಡ್‌ಫೋನಿನಲ್ಲಿ ಟಕ ಟಕ ಟಕ ಎಂದು ಬಡಿಯುತ್ತದೆ.

ಈಗ ಸುರುಳಿಯ ಕೆಳಗೆ ಬೆಳ್ಳಿಯ ನಾಣ್ಯ ಬಂತು. ಸುರುಳಿಯ ಕಾಂತಕ್ಷೇತ್ರ ನಾಣ್ಯದೊಳಗೆ ಸಣ್ಣ ಸುಳಿಗಳಂತೆ ತಿರುಗುವ ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ಸುಳಿಗಳು ತಮ್ಮನ್ನು ಹುಟ್ಟಿಸಿದ ಕ್ಷೇತ್ರವನ್ನೇ ವಿರೋಧಿಸುತ್ತವೆ, ಸುರುಳಿಯ ಇಂಡಕ್ಟೆನ್ಸ್ (ವಿದ್ಯುತ್ತಿನ ಬದಲಾವಣೆಯನ್ನು ತಡೆಯುವ ಗುಣ) ಕೂದಲೆಳೆಯಷ್ಟು ಕಡಿಮೆಯಾಗುತ್ತದೆ, ಆವರ್ತನ ಏರುತ್ತದೆ. 1,00,020 ಇದ್ದದ್ದು 1,00,025 ಆಯಿತು ಎನ್ನಿ. ಲಕ್ಷದಲ್ಲಿ ಐದು ಎಂದರೆ ಏನೂ ಅಲ್ಲ. ಆದರೆ ಕಿವಿಗೆ ಕೇಳುತ್ತಿರುವುದು ವ್ಯತ್ಯಾಸ ಮಾತ್ರ. ಅದು 20ರಿಂದ 25ಕ್ಕೆ ಹೋಯಿತು. ಬಡಿತ ಕಾಲು ಪಾಲು ಚುರುಕಾಯಿತು. ಅಭ್ಯಾಸವಿದ್ದ ಕಿವಿ ತಕ್ಷಣ ಹಿಡಿಯುತ್ತದೆ. ಅದಕ್ಕೇ ಅನುಭವಸ್ಥರು ಗುಂಡಿಯನ್ನು ತಿರುಗಿಸಿ ಬಡಿತವನ್ನು ಆದಷ್ಟು ನಿಧಾನಕ್ಕೆ ತಂದು ನಿಲ್ಲಿಸುತ್ತಿದ್ದರು. 500ರ ಸ್ವರ 505 ಆದರೆ ಗೊತ್ತಾಗುವುದು ಕಷ್ಟ.

ಕಬ್ಬಿಣದ ಮೊಳೆಯಂಥ ವಸ್ತು ಬಂದರೆ ಅದರ ಕಾಂತಗುಣ ಮೇಲುಗೈ ಪಡೆದು ಸ್ವರ ಇಳಿಯುತ್ತದೆ. ಅಂದರೆ ಏರಿದರೆ ಅಗೆಯಬೇಕು, ಇಳಿದರೆ ಬಿಡಬೇಕು. ಹೇಳುವುದಕ್ಕೆ ಇಷ್ಟು ಸರಳ. ಆದರೆ ಅಗಲವಾದ ಕಬ್ಬಿಣದ ತಗಡಿನಲ್ಲಿಯೂ ಸುಳಿಗಳು ಜೋರಾಗಿ ಹುಟ್ಟಿ ಅದು ಬೆಳ್ಳಿಯಂತೆ ನಟಿಸುತ್ತದೆ. ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೆ ಸುರುಳಿ ಒಂದು ಬೆರಳು ಮೇಲೆ ಕೆಳಗೆ ಆದರೂ ಸ್ವರ ಅಲುಗುತ್ತದೆ. ಹಾಗಾಗಿ ಮಣಿಕಟ್ಟು ಅಲುಗದಂತೆ, ನೆಲದಿಂದ ಒಂದೇ ಎತ್ತರದಲ್ಲಿ ಗಂಟೆಗಟ್ಟಲೆ ಬೀಸುವುದು ಕಲಿಯಬೇಕಾದ ವಿದ್ಯೆಯಾಗಿತ್ತು. ಜೊತೆಗೆ ಬಿಸಿಲು. ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರಿನ ಧಾರಣಶಕ್ತಿ ಶಾಖಕ್ಕೆ ಬದಲಾಗಿ ಆವರ್ತನ ಹತ್ತು ಸಾವಿರದಲ್ಲಿ ಒಂದು ಪಾಲು ಸರಿದರೂ ಸಾಕು, ಅದು 10 ಕಂಪನ: ನಾಣ್ಯ ಮಾಡುವ ಬದಲಾವಣೆಯ ಎರಡರಷ್ಟು. ನೆರಳಿನಿಂದ ಬಿಸಿಲಿಗೆ ಬಂದರೆ ಮತ್ತೆ ಶ್ರುತಿ ಕೂಡಿಸಬೇಕಿತ್ತು. ಇಷ್ಟೆಲ್ಲ ಪಾಡುಪಟ್ಟು ಆ ಬಡಿತದ ಭಾಷೆ ಕಲಿತವರಿಗೆ ಅದು ಯಂತ್ರದ ಸದ್ದಾಗಿ ಉಳಿಯಲಿಲ್ಲ, ನೆಲದ ಸದ್ದಾಯಿತು. ಅವರ ಮಾತಿನಲ್ಲಿ ಇಂದಿಗೂ ಇರುವ ಅಭಿಮಾನ ಹುಟ್ಟಿದ್ದು ಇಲ್ಲಿ, ಮತ್ತು ಅದು ನ್ಯಾಯವಾದ ಅಭಿಮಾನ.

ಈ ಯಂತ್ರಗಳನ್ನು ಮನೆಮನೆಗೆ ಒಯ್ದ ಹೆಸರುಗಳಲ್ಲಿ ಎರಡು ಪ್ರಮುಖ. ಒರೆಗಾನ್ ರಾಜ್ಯದ ಸ್ವೀಟ್ ಹೋಮ್ ಎಂಬ ಪುಟ್ಟ ಊರಿನಲ್ಲಿ 1950ರಲ್ಲಿ ಶುರುವಾದ ವೈಟ್ಸ್ ಕಂಪನಿ ಮೊದಲು ಮಾಡಿದ್ದು ಯುರೇನಿಯಂ ಹುಡುಕುವವರಿಗೆ ವಿಕಿರಣ ಅಳೆಯುವ ಗೈಗರ್ ಕೌಂಟರ್. ಆ ಭರಾಟೆ ಇಳಿದಾಗ ಲೋಹಶೋಧಕಕ್ಕೆ ಹೊರಳಿತು. ಟೆಕ್ಸಸ್‌ನಲ್ಲಿ ಚಾರ್ಲ್ಸ್ ಗ್ಯಾರೆಟ್ 1964ರಲ್ಲಿ ತಮ್ಮ ಕಂಪನಿ ಆರಂಭಿಸಿ, ಬಿಎಫ್ಒ ಯಂತ್ರಗಳ ಶ್ರುತಿ ಜಾರುವ ರೋಗಕ್ಕೆ ಮದ್ದು ಹುಡುಕಿದರು. 1980ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದ ಕಿಂಗೋವರ್ ಬಳಿ 27 ಕಿಲೋಗೂ ಮಿಗಿಲಾದ ಚಿನ್ನದ ಗಟ್ಟಿ ಸಿಕ್ಕಿತು. ‘ಹ್ಯಾಂಡ್ ಆಫ್ ಫೇತ್’ ಎಂದು ಹೆಸರಾದ ಆ ಗಟ್ಟಿಯನ್ನು ಹುಡುಕಿದ್ದು ಗ್ಯಾರೆಟ್ ಯಂತ್ರ. ಅದನ್ನು ಲಾಸ್ ವೇಗಾಸ್‌ನ ಕ್ಯಾಸಿನೊ ಒಂದು ಕೊಂಡಿತು.

ಹಳೆಯ ಹವ್ಯಾಸಿಗಳು ‘ಆ ಯಂತ್ರದಲ್ಲಿ ಸಿಕ್ಕಷ್ಟು ಬೆಳ್ಳಿ ಮತ್ತೆ ಎಂದೂ ಸಿಗಲಿಲ್ಲ’ ಎನ್ನುತ್ತಾರೆ. ಮಾತು ನಿಜ, ಕಾರಣ ಬೇರೆ. ಅಮೆರಿಕದ ಹತ್ತು ಸೆಂಟ್, ಇಪ್ಪತ್ತೈದು ಸೆಂಟ್ ನಾಣ್ಯಗಳು 1964ರವರೆಗೆ ಬೆಳ್ಳಿಯವು. ಉದ್ಯಾನ, ಶಾಲೆಯ ಅಂಗಳ, ಜಾತ್ರೆ ನಡೆಯುವ ಬಯಲುಗಳಲ್ಲಿ ಹಲವು ತಲೆಮಾರಿನ ಜನ ಬೀಳಿಸಿಕೊಂಡ ಬೆಳ್ಳಿ ಎರಡು ಮೂರು ಇಂಚು ಆಳದಲ್ಲಿ ಹಾಗೆಯೇ ಬಿದ್ದಿತ್ತು, ಅಲ್ಲಿಗೆ ಅದುವರೆಗೆ ಯಾರೂ ಯಂತ್ರ ಹಿಡಿದು ಬಂದಿರಲಿಲ್ಲ. ಅವರು ಕಳೆದುಕೊಂಡಿರುವುದು ಯಂತ್ರದ ಜೊತೆಗೆ ಆ ಮುಟ್ಟದ ನೆಲವನ್ನೂ. ಯಂತ್ರವನ್ನು ಮತ್ತೆ ಕೊಳ್ಳಬಹುದು.

ಆಳದ ಲೆಕ್ಕವನ್ನೂ ಇಲ್ಲಿ ಹೇಳಬೇಕು, ಅದು ಬಹಳ ಜನರಿಗೆ ಗೊತ್ತಿಲ್ಲ. ಸುರುಳಿಯ ಕಾಂತಕ್ಷೇತ್ರ ದೂರ ಹೋದಂತೆ ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ. ನಾಣ್ಯದಿಂದ ಮರಳುವ ಪ್ರತಿಕ್ರಿಯೆಯೂ ಹಾಗೆಯೇ ಕುಗ್ಗುತ್ತ ಬರುತ್ತದೆ. ಎರಡೂ ಸೇರಿ ಆರನೆಯ ಘಾತ. ಆಳ ಎರಡರಷ್ಟಾದರೆ ಸಂಕೇತ 64ರಲ್ಲಿ ಒಂದು ಪಾಲು ಉಳಿಯುತ್ತದೆ. ಅರವತ್ತು ವರ್ಷಗಳ ಎಲೆಕ್ಟ್ರಾನಿಕ್ಸ್ ಪ್ರಗತಿಯ ನಂತರವೂ ಹವ್ಯಾಸಿಯ ಯಂತ್ರ ಒಂದು ನಾಣ್ಯವನ್ನು ಹತ್ತು ಹನ್ನೆರಡು ಇಂಚಿನ ಆಚೆ ಕಾಣಲು ಒದ್ದಾಡುವುದು ಇದೇ ಕಾರಣಕ್ಕೆ. ಹಾಗಾದರೆ ಅರ್ಧ ಕಿಲೋಮೀಟರ್ ದೂರದಿಂದ ಚಿನ್ನ ತೋರಿಸುತ್ತದೆ ಎಂದು ಆಂಟೆನಾ ಕಡ್ಡಿ ಸಿಕ್ಕಿಸಿದ ಡಬ್ಬ ಮಾರುವವರ ಮಾತಿಗೆ ಏನು ಬೆಲೆ? ಇಂಥ ಡಬ್ಬಗಳೂ ನಿಧಿ ಹುಡುಕಾಟದ ಹಳೆಯ ಸಾಮಾನುಗಳ ಪಟ್ಟಿಯಲ್ಲಿವೆ, ಮತ್ತು ಅವು ಶುದ್ಧ ಮೋಸ. ಎಡಿಇ 651 ಎಂಬ ನಕಲಿ ಬಾಂಬ್ ಶೋಧಕವನ್ನು ಇರಾಕಿಗೆ ಮಾರಿದ ಬ್ರಿಟಿಷ್ ವ್ಯಾಪಾರಿಗೆ 2013ರಲ್ಲಿ ಹತ್ತು ವರ್ಷ ಜೈಲಾಯಿತು. ಆ ಸಾಧನದ ಮೂಲ ಕಳೆದುಹೋದ ಗಾಲ್ಫ್ ಚೆಂಡು ಹುಡುಕುತ್ತದೆ ಎಂದು ಮಾರುತ್ತಿದ್ದ ಒಂದು ಆಟಿಕೆ.

1970ರ ದಶಕದಲ್ಲಿ ಬಿಎಫ್ಒಗಳ ಕಾಲ ಇಳಿಯತೊಡಗಿತು. ಬೆಲ್ ಬಳಸಿದ ಸಮತೋಲದ ಎರಡು ಸುರುಳಿಗಳು ಮತ್ತೆ ಬಂದವು, ಈ ಸಲ ವಿಎಲ್ಎಫ್ ಎಂಬ ತೀರ ಕಡಿಮೆ ಆವರ್ತನದಲ್ಲಿ. ಕಳಿಸಿದ ಅಲೆಗೂ ಲೋಹದಿಂದ ಮರಳಿದ ಅಲೆಗೂ ನಡುವೆ ಸ್ವಲ್ಪ ವಿಳಂಬವಿರುತ್ತದೆ. ಬೆಳ್ಳಿಯ ವಿಳಂಬ ಒಂದು, ತೆಳು ಅಲ್ಯೂಮಿನಿಯಂ ಹಾಳೆಯದು ಇನ್ನೊಂದು, ಮಣ್ಣಿನದು ಮತ್ತೊಂದು. ಈ ವ್ಯತ್ಯಾಸವನ್ನು ಅಳೆದರೆ ಮಣ್ಣಿನ ಸದ್ದನ್ನು ಕಳೆದುಹಾಕಬಹುದು, ಕಸವನ್ನೂ ಮೌನಗೊಳಿಸಬಹುದು. ದೊಡ್ಡ ಜಿಗಿತ ಅದು, ಸಂದೇಹವಿಲ್ಲ.

ತೊಡಕು ಶುರುವಾದದ್ದೂ ಅಲ್ಲಿಯೇ. 1960ರ ದಶಕದಿಂದ ಅಮೆರಿಕದ ಉದ್ಯಾನಗಳ ತುಂಬ ಪಾನೀಯದ ಡಬ್ಬಿಗಳಿಂದ ಕಿತ್ತೆಸೆದ ಅಲ್ಯೂಮಿನಿಯಂ ಉಂಗುರಗಳು ಬಿದ್ದಿದ್ದವು. ಅವನ್ನು ಅಗೆದು ಬೇಸತ್ತವರು ಯಂತ್ರಕ್ಕೆ ‘ಇದನ್ನು ಬಿಟ್ಟುಬಿಡು’ ಎಂದು ಹೊಂದಿಸಿದರು. ಆದರೆ ಯಂತ್ರಕ್ಕೆ ಲೋಹದ ಹೆಸರು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ವಸ್ತುವಿನ ಗಾತ್ರ, ಆಕಾರ, ವಾಹಕತೆಗಳು ಸೇರಿ ಮಾಡುವ ವಿಳಂಬ ಮಾತ್ರ. ಆ ಲೆಕ್ಕದಲ್ಲಿ ಡಬ್ಬಿಯ ಉಂಗುರವೂ ಬೆರಳಿನ ಚಿನ್ನದ ಉಂಗುರವೂ ಬಹುತೇಕ ಒಂದೇ ಜಾಗದಲ್ಲಿ ಬರುತ್ತವೆ. ಕಸವನ್ನು ಮೌನಗೊಳಿಸಿದಾಗ ಚಿನ್ನವೂ ಮೌನವಾಯಿತು. ಹಳೆಯ ಯಂತ್ರ ಹಿಡಿದು ಎಲ್ಲವನ್ನೂ ಅಗೆಯುವವನಿಗೆ, ಅಂಕಿ ನೋಡಿ ನಡೆದುಹೋದವನ ಹಿಂದೆಯೇ ಉಂಗುರ ಸಿಗುವುದು ಈ ಕಾರಣಕ್ಕೆ. ಹಳೆಯ ಯಂತ್ರ ಹೆಚ್ಚು ಬುದ್ಧಿವಂತ ಎಂದಲ್ಲ. ಅದು ಬಾಯಿ ಮುಚ್ಚಿಕೊಳ್ಳಲು ಕಲಿತಿರಲಿಲ್ಲ.

ಇಂಗ್ಲೆಂಡಿನ ಕಥೆ ಸ್ವಲ್ಪ ಬೇರೆ. ಅಲ್ಲಿ 1980ರವರೆಗೆ ಮೆಟಲ್ ಡಿಟೆಕ್ಟರ್ ಇಟ್ಟುಕೊಳ್ಳಲು ‘ಪೈಪ್ ಫೈಂಡರ್’ ಹೆಸರಿನ ಪರವಾನಗಿ ಬೇಕಿತ್ತು, ಏಕೆಂದರೆ ಅದು ರೇಡಿಯೊ ಅಲೆ ಹೊಮ್ಮಿಸುವ ಯಂತ್ರ. ಪುರಾತತ್ತ್ವಜ್ಞರಿಗೂ ಹವ್ಯಾಸಿಗಳಿಗೂ ಬಹಳ ಕಾಲ ಜಗಳವಿತ್ತು. 1992ರ ನವೆಂಬರಿನಲ್ಲಿ ಸಫೊಕ್ ಪ್ರಾಂತದ ಹಾಕ್ಸ್ನ್ ಗ್ರಾಮದ ರೈತನೊಬ್ಬ ಹೊಲದಲ್ಲಿ ಸುತ್ತಿಗೆ ಕಳೆದುಕೊಂಡ. ಅದನ್ನು ಹುಡುಕಿಕೊಡಲು ಹೋದ ಸ್ನೇಹಿತನ ಯಂತ್ರಕ್ಕೆ ರೋಮನ್ ಕಾಲದ ನಿಧಿ ತಗುಲಿತು: 15,000ಕ್ಕೆ ಹತ್ತಿರ ನಾಣ್ಯ, ಜೊತೆಗೆ ಚಿನ್ನದ ಆಭರಣ, ಬೆಳ್ಳಿಯ ಚಮಚ. ಅವನು ಸ್ವಲ್ಪ ತೆಗೆದು ನೋಡಿ, ಅಲ್ಲಿಗೇ ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದ. ಹಾಗಾಗಿ ಮರದ ಪೆಟ್ಟಿಗೆ ಕೊಳೆತ ಗುರುತಿನ ಸಮೇತ, ಯಾವುದು ಎಲ್ಲಿತ್ತು ಎಂಬುದೆಲ್ಲ ದಾಖಲಾಯಿತು. ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 1996ರಲ್ಲಿ ಬಂದ ನಿಧಿ ಕಾಯಿದೆಯ ಪ್ರಕಾರ ಸಿಕ್ಕದ್ದನ್ನು ತಿಳಿಸಬೇಕು, ವಸ್ತುಸಂಗ್ರಹಾಲಯ ಉಳಿಸಿಕೊಂಡರೆ ಬೆಲೆ ಕೊಡುತ್ತದೆ.

ನಮ್ಮಲ್ಲಿ ಈ ಹವ್ಯಾಸ ಬೆಳೆಯಲಿಲ್ಲ. ಬೆಳೆಯಬೇಕು ಎಂದೂ ನಾನು ಹೇಳಲಾರೆ. ನಿಧಿ ಎಂಬ ಆಸೆ ಕರ್ನಾಟಕದಲ್ಲಿ ಏನು ಮಾಡಿದೆ ಎಂಬುದಕ್ಕೆ 2019ರ ಜುಲೈ ಸಾಕು: ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಗಳ್ಳರು ರಾತ್ರೋರಾತ್ರಿ ಕೆಡವಿದರು. ಭಾರತದಲ್ಲಿ 1878ರ ಕಾಯಿದೆಯ ಪ್ರಕಾರ ನೆಲದಲ್ಲಿ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಕರ್ನಾಟಕಕ್ಕೆ 1962ರ ತನ್ನದೇ ಕಾಯಿದೆಯಿದೆ. ಹಳೆಯ ಯಂತ್ರ ಸಂಗ್ರಹಿಸುವುದು ಒಂದು, ಅದನ್ನು ಹಿಡಿದು ಹಂಪಿಯ ಸುತ್ತ ಅನುಮತಿಯಿಲ್ಲದೆ ನೆಲ ಅಗೆಯುವುದು ಇನ್ನೊಂದು. ಎರಡನೆಯದು ಅಪರಾಧ.

ಸಂಗ್ರಹಕ್ಕೆ ಈಚೆಗೆ ಹುರುಪು ಬಂದಿರುವುದಕ್ಕೆ ಒಂದು ನೋವಿನ ಕಾರಣವಿದೆ. ಕೊಂಡವರಿಗೆ ಜೀವನಪರ್ಯಂತ ದುರಸ್ತಿಯ ಭರವಸೆ ಕೊಟ್ಟಿದ್ದ ಅರಿಜೋನದ ಟೆಸೊರೊ ಕಂಪನಿ 2018ರಲ್ಲಿ ಮುಚ್ಚಿತು. ವೈಟ್ಸ್ 2020ರಲ್ಲಿ ಮುಚ್ಚಿತು. ಈಗ ದುರಸ್ತಿ ಹವ್ಯಾಸಿಗಳ ಕೈಯಲ್ಲೇ ಇದೆ. ಒಣಗಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಬದಲಿಸುವುದು, ಸೋರಿದ ಬ್ಯಾಟರಿ ತಿಂದುಹಾಕಿದ ಸಂಪರ್ಕಗಳನ್ನು ಉಜ್ಜುವುದು, ಕರಕರ ಎನ್ನುವ ವಾಲ್ಯೂಮ್ ಗುಂಡಿ ತೊಳೆಯುವುದು ಸಾಮಾನ್ಯ ಕೆಲಸ. ವಾಲ್ವಿನ ಕಾಲದ ಯಂತ್ರವಾದರೆ ಇನ್ನೂ ಕಷ್ಟ. ಅವುಗಳಿಗೆ ನೂರು ವೋಲ್ಟಿನ ಆಸುಪಾಸಿನ ಬ್ಯಾಟರಿ ಬೇಕು, ಅಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ. 9 ವೋಲ್ಟಿನ ಬ್ಯಾಟರಿಗಳನ್ನು ಹತ್ತು ಹನ್ನೊಂದರಂತೆ ಸಾಲಾಗಿ ಜೋಡಿಸುತ್ತಾರೆ.

ಆ ಬಡಿತ ಹೇಗಿರುತ್ತದೆ ಎಂದು ಕೇಳಬೇಕಾದರೆ ಹಳೆಯ ಯಂತ್ರವೂ ಬೇಡ, ನೆಲ ಅಗೆಯುವುದೂ ಬೇಡ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುವ ಒಂದು ಟ್ರಾನ್ಸಿಸ್ಟರ್, ನಾಲ್ಕಾರು ಬಿಡಿಭಾಗ, ಊಟದ ತಟ್ಟೆಯ ಅಗಲಕ್ಕೆ ಸುತ್ತಿದ ಎನಾಮಲ್ ತಂತಿಯ ಸುರುಳಿ ಸಾಕು. ಅವುಗಳಿಂದ 306 ಕಿಲೋಹರ್ಟ್ಸ್ ಆಸುಪಾಸಿನ ಸಣ್ಣ ಆಸಿಲೇಟರ್ ಮಾಡಿ, ಪಕ್ಕದಲ್ಲಿ ಮಧ್ಯಮ ತರಂಗದ ರೇಡಿಯೊವನ್ನು 612ಕ್ಕೆ, ಅಂದರೆ ಬೆಂಗಳೂರು ಆಕಾಶವಾಣಿಗೆ ತಿರುಗಿಸಿ ಇಡಬೇಕು. ಆಸಿಲೇಟರಿನ ಎರಡರಷ್ಟು ಆವರ್ತನ ಕೇಂದ್ರದ ಅಲೆಯೊಂದಿಗೆ ಬೆರೆತು ಸಿಳ್ಳೆ ಹುಟ್ಟುತ್ತದೆ. ಎರಡನೆಯ ಆಸಿಲೇಟರಿನ ಕೆಲಸವನ್ನು ಆಕಾಶವಾಣಿಯ ಪ್ರಸಾರವೇ ಮಾಡಿಕೊಡುತ್ತದೆ. ಧಾರವಾಡದ ಕಡೆಯವರು 765ಕ್ಕೆ ತಿರುಗಿಸಿ ಆಸಿಲೇಟರನ್ನು ಅದರ ಅರ್ಧಕ್ಕೆ ಹೊಂದಿಸಿಕೊಳ್ಳಬಹುದು. ಸಿಳ್ಳೆ ತಗ್ಗಿ ಗುರುಗುಟ್ಟುವವರೆಗೆ ಶ್ರುತಿ ಕೂಡಿಸಿ ಸುರುಳಿಯ ಹತ್ತಿರ ತಾಮ್ರದ ಚೊಂಬು ತಂದರೆ ಸ್ವರ ಒಂದು ಕಡೆಗೆ ಸರಿಯುತ್ತದೆ. ಹಾಳಾದ ರೇಡಿಯೊದಿಂದ ಬಿಚ್ಚಿದ, ಕಬ್ಬಿಣದಂತೆ ಕಾಂತಗುಣವಿರುವ ಕಪ್ಪು ಫೆರೈಟ್ ಕಡ್ಡಿ ತಂದರೆ ಅದರ ಎದುರು ದಿಕ್ಕಿಗೆ ಸರಿಯುತ್ತದೆ.